ಗುಟ್ಟು ಬೇಗ ರಟ್ಟಾಗಲಿ: ಲಾರ್ಪ್ ವಾರಾಂತ್ಯಕ್ಕೆ ಹೋಗುವವರಿಗೆ

ಈ ವರ್ಷದ ಇಂಟರ್‌ಕಾನ್, ಅಂದರೆ ಲಾರ್ಪ್ ಆಟಗಳ ವಾರಾಂತ್ಯದ ಸಮ್ಮೇಳನ, ಮುಗಿಯಿತು. ವೇಷದ ಪೆಟ್ಟಿಗೆ ಇನ್ನೂ ಕಾರಿನ ಡಿಕ್ಕಿಯಲ್ಲೇ ಇದೆ. ಕನ್ನಡ ಕೂಟದ ಗೆಳೆಯರು ಪ್ರತಿ ಸಲ ಕೇಳುವುದು ಒಂದೇ ಪ್ರಶ್ನೆ: "ಮೂರು ದಿನ ಹೋಟೆಲಲ್ಲಿ ಕೂತು ಅದೇನ್ರೀ ಮಾಡ್ತೀರಿ?" ಕೆಲವರಿಗೆ ಒಮ್ಮೆ ಬಂದು ನೋಡುವ ಆಸೆಯೂ ಇದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೋಗಿ ಬಂದ ಮೇಲೆ ಏನು ಮಾಡಬೇಕು ಅನ್ನುವುದನ್ನೂ ಸೇರಿಸಿದ್ದೇನೆ. ಅದನ್ನು ಯಾರೂ ಹೇಳಿಕೊಡುವುದಿಲ್ಲ.

ಮೊದಲು ಲಾರ್ಪ್ ಎಂದರೇನು ಅಂತ ಹೇಳಿಬಿಡುತ್ತೇನೆ. ನಿಮಗೊಂದು ಪಾತ್ರ ಕೊಡುತ್ತಾರೆ. ಆ ಪಾತ್ರವಾಗಿ ನಾಲ್ಕು ಗಂಟೆ ಓಡಾಡಬೇಕು, ಮಾತಾಡಬೇಕು, ಜಗಳವಾಡಬೇಕು. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ನಾನು ಉಪ್ಪಿನಂಗಡಿ ಕಡೆಯವನು, ತಾಳಮದ್ದಳೆ ಕೇಳಿಕೊಂಡು ಬೆಳೆದವನು. ನನಗೆ ಇದು ಅರ್ಥವಾಗಿದ್ದು ಆ ದಾರಿಯಿಂದಲೇ. ಕರ್ಣನ ಅರ್ಥ ಹೇಳುವವರಿಗೆ ಪ್ರಸಂಗ ಗೊತ್ತು, ಪದ್ಯ ಗೊತ್ತು. ಆದರೆ ಎದುರು ಕೂತ ಕೃಷ್ಣ ಯಾವ ಪ್ರಶ್ನೆ ಎಸೆಯುತ್ತಾನೆ ಅಂತ ಗೊತ್ತಿರುವುದಿಲ್ಲ. ಅಲ್ಲಲ್ಲೇ ಮಾತು ಹುಟ್ಟಬೇಕು. ಇಲ್ಲೂ ಹಾಗೇ. ಒಂದೇ ವ್ಯತ್ಯಾಸ, ಕೇಳುವುದಕ್ಕೆ ಸಭೆ ಇರುವುದಿಲ್ಲ. ಕೋಣೆಯೊಳಗೆ ಇರುವವರೆಲ್ಲ ಪಾತ್ರಧಾರಿಗಳೇ.

ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ ಇದಕ್ಕೆ ಒಳ್ಳೆಯ ಇತಿಹಾಸವಿದೆ. 1983ರಲ್ಲಿ ಬಾಸ್ಟನ್ನಿನ ಬಾಸ್ಕೋನ್ ಎಂಬ ವೈಜ್ಞಾನಿಕ ಕಥೆಗಳ ಸಮ್ಮೇಳನದಲ್ಲಿ ಹಾರ್ವರ್ಡ್ ಕಡೆಯ ಕೆಲವು ಹುಡುಗರು 'ರೆಕಾನ್-1' ಎಂಬ ಆಟ ಆಡಿಸಿದರು. ಇಂಟರ್‌ಕಾನ್ ಬಂದಿದ್ದು ಆ ಬಳ್ಳಿಯಿಂದಲೇ. ವರ್ಷಕ್ಕೊಂದು ಇಂಗ್ಲಿಷ್ ಅಕ್ಷರ ಇಟ್ಟು ಹೆಸರು ಕರೆಯುತ್ತಾರೆ. 2019ರದ್ದು ಎಸ್, 2020ರದ್ದು ಟಿ. ಫೆಬ್ರವರಿ ಕೊನೆಗೋ ಮಾರ್ಚ್ ಮೊದಲಿಗೋ ನಡೆಯುತ್ತದೆ. ಮೊದಲು ಬಾಸ್ಟನ್ ಹೊರವಲಯದ ಹೋಟೆಲುಗಳಲ್ಲಿ ಇತ್ತು, ಆಮೇಲೆ ರೋಡ್ ಐಲೆಂಡಿನ ವಾರ್ವಿಕ್‌ಗೆ ಹೋಯಿತು. ಕತ್ತಿ ಗುರಾಣಿ ಹಿಡಿದು ಕಾಡಿನಲ್ಲಿ ಓಡುವ ಲಾರ್ಪ್ ಬೇರೆ. ಇಲ್ಲಿನದು ಕೋಣೆಯೊಳಗಿನದು, ಮಾತಿನದು. ಹೊಡೆದಾಟ ಬಂದರೆ ಚೀಟಿ, ಅಂಕಿ, ಇಲ್ಲಾ ಕಲ್ಲು-ಕಾಗದ-ಕತ್ತರಿಯಲ್ಲಿ ತೀರ್ಮಾನ.

ಈಗ ಆಟ ಆರಿಸುವ ವಿಷಯ. ಶುಕ್ರವಾರ ರಾತ್ರಿ ಒಂದು, ಶನಿವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು, ಭಾನುವಾರ ಬೆಳಿಗ್ಗೆ ಮತ್ತೊಂದು. ಕೈಯಲ್ಲಿ ಪಟ್ಟಿ ಸಿಕ್ಕ ಕೂಡಲೇ ಎಲ್ಲ ಹೊತ್ತನ್ನೂ ತುಂಬಿಸಿಕೊಳ್ಳುವ ಆಸೆ ಬರುತ್ತದೆ. ಬೇಡ. ಶನಿವಾರ ಮಧ್ಯಾಹ್ನ ಖಾಲಿ ಬಿಡಿ. ಸುಮ್ನೆ ಮಲಗಿ, ಇಲ್ಲಾ ಊಟದ ಕೋಣೆಯಲ್ಲಿ ಕೂತು ಬೇರೆಯವರ ಆಟದ ಕಥೆ ಕೇಳಿ. ಜನ ಪರಿಚಯವಾಗುವುದು ಅಲ್ಲೇ. ಆಟದೊಳಗೆ ನಿಮಗೆ ಪರಿಚಯವಾಗುವುದು ಪಾತ್ರಗಳು ಮಾತ್ರ.

ಹೆಸರು ಕೊಡುವುದಕ್ಕೆ ತಿಂಗಳುಗಳ ಮೊದಲೇ ಸುತ್ತುಗಳು ಶುರುವಾಗುತ್ತವೆ. ಹೆಸರಾಂತ ಆಟಗಳಿಗೆ ತತ್ಕಾಲ್ ಟಿಕೆಟ್ಟಿನ ಹಾಗೆ ನೂಕುನುಗ್ಗಲು. ಸಿಗಲಿಲ್ಲ ಅಂದರೆ ಬೇಜಾರು ಬೇಡ, ವೇಟಿಂಗ್ ಲಿಸ್ಟಿನಲ್ಲಿರಿ. ಕೊನೆಯ ವಾರದಲ್ಲಿ ಜನ ಜ್ವರ, ಹಿಮ, ಆಫೀಸ್ ಕೆಲಸ ಅಂತ ಹಿಂದೆ ಸರಿಯುತ್ತಾರೆ. ಮೊದಲ ಸಲ ಹೋಗುವವರು 'ಹೋರ್ಡ್' ಎಂದು ಬರೆದಿರುವ ಆಟ ಹುಡುಕಿ. ಅದರಲ್ಲಿ ಕೆಲವರಿಗೆ ಮಾತ್ರ ದೊಡ್ಡ ಪಾತ್ರ. ಉಳಿದವರು ಹತ್ತು ನಿಮಿಷ ಪೊಲೀಸ್, ಇನ್ನು ಹತ್ತು ನಿಮಿಷ ದೆವ್ವ, ಆಮೇಲೆ ಯಾರದೋ ಅಜ್ಜಿ. ಒಂದು ಪಾತ್ರ ಕೆಟ್ಟರೆ ಇನ್ನೊಂದು ಕಾದಿರುತ್ತದೆ. ಹೆದರಿಕೆ ಬಿಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆಟ ಆಡಿಸುವವರನ್ನು ಜಿಎಂ ಅನ್ನುತ್ತಾರೆ. ಪಾತ್ರ ಹಂಚುವ ಮೊದಲು ಅವರು ಪ್ರಶ್ನೆಪಟ್ಟಿ ಕಳಿಸುತ್ತಾರೆ. "ಯಾವುದಾದರೂ ಸರಿ" ಅಂತ ಬರೆಯಬೇಡಿ. ನಮ್ಮ ಸಂಕೋಚ ಅಲ್ಲಿ ಯಾರಿಗೂ ಉಪಕಾರವಾಗುವುದಿಲ್ಲ. ಪ್ರೇಮದ ಪಾತ್ರ ಬೇಡ ಅನ್ನಿ, ಮಗು ಸಾಯುವ ಕಥೆ ಬೇಡ ಅನ್ನಿ, ಒಳಸಂಚು ಮಾಡುವ ಮಂತ್ರಿ ಬೇಕು ಅನ್ನಿ. ಇಂಗ್ಲಿಷಿನಲ್ಲಿ ಪಟಪಟ ಮಾತು ಬರುವುದಿಲ್ಲ ಅನಿಸಿದರೆ ಅದನ್ನೂ ಬರೆಯಿರಿ. ಕಡಿಮೆ ಮಾತಿನ, ಜಾಸ್ತಿ ಕೆಲಸದ ಪಾತ್ರಗಳಿರುತ್ತವೆ.

ಪಾತ್ರದ ಹಾಳೆಗಳು ಮೇಲ್‌ನಲ್ಲಿ ಬರುತ್ತವೆ. ಕೆಲವು ಎರಡು ಪುಟ, ಕೆಲವು ಇಪ್ಪತ್ತು. ಜೊತೆಗೆ ಆ ಲೋಕದ ವಿವರ ಇರುವ ಹಾಳೆಗಳೂ ಇರುತ್ತವೆ. ಪೂರ್ತಿ ಬಾಯಿಪಾಠ ಮಾಡಬೇಕಾಗಿಲ್ಲ. ಮೂರು ವಿಷಯಕ್ಕೆ ಗೆರೆ ಎಳೆಯಿರಿ: ನನಗೆ ಏನು ಬೇಕು, ಯಾರ ಹತ್ತಿರ ಇದೆ, ನಾನು ಏನನ್ನು ಮುಚ್ಚಿಟ್ಟಿದ್ದೇನೆ. ಹೆಸರುಗಳನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಅಂಗಿ ಜೇಬಿನಲ್ಲಿಟ್ಟುಕೊಳ್ಳಿ. ನಾನು ಹಾಗೇ ಮಾಡುತ್ತೇನೆ. ಪಕ್ಕದವರು ಇಣುಕಿದರೂ ಏನೂ ತಿಳಿಯುವುದಿಲ್ಲ.

ವೇಷಕ್ಕೆ ದುಡ್ಡು ಸುರಿಯಬೇಡಿ. ಕಪ್ಪು ಪ್ಯಾಂಟು, ಬಿಳಿ ಅಂಗಿ, ಕಪ್ಪು ಶೂ. ಇದರ ಮೇಲೆ ಒಂದೊಂದು ಆಟಕ್ಕೆ ಒಂದೊಂದು ವಸ್ತು ಬದಲಾಯಿಸಿದರೆ ಸಾಕು: ಒಂದು ವೇಸ್ಟ್‌ಕೋಟ್, ಒಂದು ಟೋಪಿ, ಒಂದು ಶಾಲು. ಅಪ್ಪನ ಹಳೆಯ ಜರಿಶಾಲು ನನ್ನ ಹತ್ತಿರ ರೋಮನ್ ಸೆನೆಟರ್, ಪಾದ್ರಿ, ಗಡಿಪಾರಾದ ರಾಜ ಎಲ್ಲವೂ ಆಗಿದೆ. ಸನ್ಮಾನದಲ್ಲಿ ಬಂದ ಶಾಲುಗಳಿಗೆ ಇಷ್ಟು ಒಳ್ಳೆಯ ಉಪಯೋಗ ಬೇರೆ ಕಡೆ ಇಲ್ಲ. ಒಂದು ಮಾತು ನೆನಪಿರಲಿ: ನಮ್ಮ ಸೀರೆ, ಪಂಚೆಗಳನ್ನು "ಓರಿಯೆಂಟಲ್ ಮಾಂತ್ರಿಕ"ನ ವೇಷಕ್ಕೆ ಕೊಡಿ ಅಂತ ಯಾರಾದರೂ ಕೇಳಿದರೆ ನಗುತ್ತಲೇ ಆಗುವುದಿಲ್ಲ ಅನ್ನಿ. ಈಗೀಗ ಜಿಎಂಗಳೂ ಈ ವಿಷಯದಲ್ಲಿ ಹುಷಾರಾಗಿದ್ದಾರೆ.

ಬ್ಯಾಗಿನಲ್ಲಿ ವೇಷಕ್ಕಿಂತ ಮುಖ್ಯವಾದದ್ದು ಗಂಟಲಿಗೆ ಬೇಕಾದ ಔಷಧಿ. ದಿನವಿಡೀ ಮಾತಾಡಿ ಶನಿವಾರ ರಾತ್ರಿ ಹೊತ್ತಿಗೆ ದನಿ ಬಿದ್ದುಹೋಗಿರುತ್ತದೆ. ಹೀಟರಿನ ಒಣ ಗಾಳಿ ಬೇರೆ. ನನ್ನ ಹೆಂಡತಿ ಶುಂಠಿ, ಕಾಳುಮೆಣಸು, ಜೀರಿಗೆ ಹುರಿದು ಮಾಡಿದ ಕಷಾಯದ ಪುಡಿ ಕಟ್ಟಿಕೊಡುತ್ತಾಳೆ. ಕೆಟಲ್ ಒಂದಿದ್ದರೆ ಮುಗಿಯಿತು. ಪೇಪರ್ ಅವಲಕ್ಕಿಗೆ ಬಿಸಿನೀರೂ ಬೇಡ, ಅದನ್ನು ಹಾಗೇ ತಿನ್ನಬಹುದು. ಸಸ್ಯಾಹಾರಿಗಳು ಇಷ್ಟಾದರೂ ಇಟ್ಟುಕೊಳ್ಳಿ. ಎರಡು ಆಟಗಳ ನಡುವೆ ಹೋಗಿ ಊಟ ಹುಡುಕುವಷ್ಟು ಪುರುಸೊತ್ತು ಸಿಗುವುದಿಲ್ಲ.

ಈಗ ಆಟದೊಳಗೆ. ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಇದೊಂದೇ: ನಿಮ್ಮ ಗುಟ್ಟನ್ನು ಬೇಗ ಬಿಟ್ಟುಕೊಡಿ.

ಕೇಳುವುದಕ್ಕೆ ತಲೆಕೆಳಗು ಅನಿಸುತ್ತದೆ. ಹಾಳೆಯಲ್ಲಿ "ಇದು ಯಾರಿಗೂ ತಿಳಿಯಬಾರದು" ಅಂತ ಬರೆದಿರುತ್ತದೆ. ಹೊಸಬರು ಅದನ್ನು ಕೊನೆಯ ನಿಮಿಷದವರೆಗೂ ಗಂಟುಕಟ್ಟಿ ಇಟ್ಟುಕೊಳ್ಳುತ್ತಾರೆ. ಬರೆದವರು ಅದನ್ನು ಬರೆದಿದ್ದೇ ಹೊರಬರಲಿ ಅಂತ. ಪಾತ್ರಕ್ಕೆ ಅದು ತಿಳಿಯಬಾರದ ವಿಷಯ. ಆಟಕ್ಕೆ ಅದೇ ಉರುವಲು.

ಈ ಸಲದ ಒಂದು ಆಟ ಹೇಳುತ್ತೇನೆ. ಕಾಲ 1920ರ ದಶಕ, ಸತ್ತ ಯಜಮಾನನ ಉಯಿಲು ಓದುವ ರಾತ್ರಿ. ನಾನು ಆ ಮನೆಯ ವಕೀಲ. ಕೋಟಿನ ಒಳಜೇಬಿನಲ್ಲಿ ಕಂದು ಬಣ್ಣದ ಕವರು. ಅದರಲ್ಲಿದ್ದ ಉಯಿಲನ್ನು ನಾನೇ ಸೃಷ್ಟಿಸಿದ್ದು. ಕೋಣೆ ಅಂದರೆ ಹೋಟೆಲಿನ ಮೀಟಿಂಗ್ ರೂಮೇ. ಮೂಲೆಯಲ್ಲಿ ನೀರಿನ ಜಗ್ಗು, ಬಾಗಿಲಿಗೆ ಅಂಟಿಸಿದ 'ಗ್ರಂಥಾಲಯ' ಅನ್ನುವ ಕಾಗದ. ಮೊದಲ ಅರ್ಧ ಗಂಟೆಯಲ್ಲೇ ಸತ್ತವನ ಮಗಳ ಪಾತ್ರದವರು ನೀರು ಬಗ್ಗಿಸಿಕೊಳ್ಳಲು ಬಂದರು. ಅಪ್ಪನ ಬಗ್ಗೆ ಎರಡು ಮಾತಾಡಿದರು. ನಾನು ಕವರಿನಿಂದ ಹಾಳೆ ಅರ್ಧ ಎಳೆದು ತೋರಿಸಿದೆ. "ಈ ಅಕ್ಷರ ಯಾರದ್ದು ಅನಿಸುತ್ತದೆ?" ಅಂದೆ. ಅವರು ಹಾಳೆ ನೋಡಿದರು, ನನ್ನ ಬೆರಳಿನ ಶಾಯಿ ಕಲೆ ನೋಡಿದರು. ಆ ಕಲೆ ನಾನು ಬೇಕಂತಲೇ ಮಾಡಿಕೊಂಡಿದ್ದು. "ಎಷ್ಟು ಕೊಟ್ಟರು ನಿಮಗೆ?" ಅಂದರು. ಮುಗಿಯಿತು. ಆಮೇಲೆ ಮೂರೂವರೆ ಗಂಟೆ ಆ ಮಗಳು ನನ್ನನ್ನು ಕುಣಿಸಿದ ಕುಣಿತ ಇದೆಯಲ್ಲ! ಒಂದು ಸಲ ಬೆದರಿಕೆ, ಒಂದು ಸಲ ಪಾಲು, ಕೊನೆಗೆ ಇನ್ನೊಂದು ಸುಳ್ಳು ಉಯಿಲು ಬರೆಯಬೇಕು ಅನ್ನುವವರೆಗೆ ಬಂತು.

ಅದೇ ಕೋಣೆಯಲ್ಲಿ ಮನೆಯ ಅಡುಗೆಯವನ ಪಾತ್ರ ಮಾಡಿದ ಹುಡುಗನೊಬ್ಬನಿದ್ದ. ಆಟ ಮುಗಿದ ಮೇಲೆ ಅವನು ಹೇಳಿದ, "ನಾನೇ ಯಜಮಾನರ ನಿಜವಾದ ಮಗ." ಎಲ್ಲರೂ ಅಯ್ಯೋ ಅಂದರು. ಎಷ್ಟು ಚೆನ್ನಾಗಿ ಬಚ್ಚಿಟ್ಟಿದ್ದ ಅಂದರೆ, ಅವನ ಕಥೆಗೆ ನಾವು ಯಾರೂ ಕೈ ಹಾಕಲೇ ಆಗಲಿಲ್ಲ.

ಹಾಗಂತ ಬಾಗಿಲಲ್ಲೇ ನಿಂತು ಡಂಗುರ ಸಾರಬೇಡಿ. ಗುಟ್ಟಿನಿಂದ ಯಾರಿಗೆ ಜಾಸ್ತಿ ನೋವಾಗುತ್ತದೋ, ಅಥವಾ ಯಾರಿಗೆ ಲಾಭವಾಗುತ್ತದೋ, ಅವರ ಹತ್ತಿರ ಬಿಡಿ. ಬಾಯಿಬಿಟ್ಟು ಹೇಳಬೇಕಾಗಿಲ್ಲ, ಸುಳಿವು ಬಿಟ್ಟರೂ ಆಗುತ್ತದೆ. ಮೊದಲ ಒಂದು ಗಂಟೆಯೊಳಗೆ ಒಬ್ಬರಿಗಾದರೂ ತಿಳಿದಿರಲಿ. ಮೂಲೆಯಲ್ಲಿ ಒಬ್ಬರೇ ನಿಂತವರು ಕಂಡರೆ ಅವರ ಹತ್ತಿರವೇ ಬಿಟ್ಟುಬಿಡಿ. ಅವರ ಸಂಜೆಗೂ ಏನೋ ಒಂದು ಸಿಕ್ಕಿದಂತಾಗುತ್ತದೆ.

ಎರಡು ಸನ್ನೆಗಳನ್ನು ಕಲಿತಿರಿ. ಎದುರಿನವರು ಅಳುತ್ತಿದ್ದಾರೆ, ಅಳುತ್ತಿರುವುದು ಪಾತ್ರವೋ ಮನುಷ್ಯರೋ ಗೊತ್ತಾಗುತ್ತಿಲ್ಲ ಅಂದುಕೊಳ್ಳಿ. ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿ ತೋರಿಸಿ. ಅವರು ಹೆಬ್ಬೆರಳು ಮೇಲೆತ್ತಿದರೆ ಸರಿ, ಆಟ ಮುಂದುವರಿಸಿ. ಕೆಳಗೆ ಮಾಡಿದರೆ, ಅಥವಾ ಅಡ್ಡಡ್ಡ ಅಲ್ಲಾಡಿಸಿದರೂ, ಪಾತ್ರ ಬಿಟ್ಟು ಅವರನ್ನು ಹೊರಗೆ ಕರೆದುಕೊಂಡು ಹೋಗಿ. ಇನ್ನೊಂದು, ಬಿಸಿಲಿಗೆ ಹಿಡಿದ ಹಾಗೆ ಕೈಯನ್ನು ಹಣೆಗೆ ಅಡ್ಡ ಹಿಡಿದು ಹೊರಟುಹೋಗುವುದು. ಹಾಗೆ ಹೋದವರನ್ನು ಯಾಕೆ ಏನು ಅಂತ ಯಾರೂ ಕೇಳಬಾರದು. ನಮ್ಮವರಿಗೆ ಈ ಎರಡನೆಯದು ಕಷ್ಟ. ಕೇಳದೇ ಇರುವುದು ನಮ್ಮ ರಕ್ತದಲ್ಲೇ ಇಲ್ಲ, ಅಲ್ವಾ?

ಆಟ ಮುಗಿದ ತಕ್ಷಣ ಎದ್ದು ಓಡಬೇಡಿ. ಎಲ್ಲರೂ ಸುತ್ತ ಕೂತು ಯಾರ ಕಥೆ ಏನಾಗಿತ್ತು ಅಂತ ಹೇಳಿಕೊಳ್ಳುತ್ತಾರೆ. ಅದಕ್ಕೆ ಗೇಮ್ ರ್‍ಯಾಪ್ ಅನ್ನುತ್ತಾರೆ. ಎರಡೇ ನಿಮಿಷ ಮಾತಾಡಿ. ನಿಮ್ಮ ಜಾಣತನಕ್ಕಿಂತ ಬೇರೆಯವರು ಮಾಡಿದ ಯಾವುದು ಇಷ್ಟವಾಯಿತು ಅಂತ ಹೇಳಿ. ಪಾತ್ರವಾಗಿ ಯಾರನ್ನಾದರೂ ಬೈದಿದ್ದರೆ ಪಾತ್ರದ ಹೆಸರಿನ ಬಿಲ್ಲೆ ತೆಗೆದು, ನಿಮ್ಮ ನಿಜವಾದ ಹೆಸರು ಹೇಳಿ ಕೈಕುಲುಕಿ. ಆಟದ ಸಿಟ್ಟೋ ಪ್ರೀತಿಯೋ ಮನುಷ್ಯರೊಳಗೆ ಸೋರುವುದನ್ನು ಲಾರ್ಪಿನವರು 'ಬ್ಲೀಡ್' ಅನ್ನುತ್ತಾರೆ. ಸುಮ್ನೆ ಬಿಟ್ಟರೆ ಮುಂದಿನ ವರ್ಷವೂ ಆ ವಕೀಲನ ಮುಖ ಕಂಡರೆ ಮೈ ಉರಿಯುತ್ತದೆ.

ಇನ್ನು ಹಿಂತಿರುಗಿ ನೋಡುವುದು. ಭಾನುವಾರ ಮಧ್ಯಾಹ್ನ ಕಾರು ಹತ್ತುವ ಮೊದಲೇ ಬರೆದುಕೊಳ್ಳಿ. ಐ-95 ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸುವಷ್ಟರಲ್ಲಿ ಅರ್ಧ ಮರೆತುಹೋಗುತ್ತದೆ. ಫೋನಿಗೆ ಹೇಳಿ ರೆಕಾರ್ಡ್ ಮಾಡಿದರೂ ನಡೆಯುತ್ತದೆ. ಕಥೆ ಬರೆಯಬೇಡಿ, ಅದು ಜಿಎಂ ಹತ್ತಿರ ಇದೆ. ಒಂದೊಂದು ಆಟದಲ್ಲೂ ನೀವು ಯಾವಾಗ ಗಡಿಯಾರ ನೋಡಿದಿರಿ, ಯಾವಾಗ ಗಡಿಯಾರ ಇದೆ ಅನ್ನುವುದೇ ಮರೆತುಹೋಯಿತು ಅಂತ ಬರೆಯಿರಿ. ಮುಂದಿನ ವರ್ಷ ಪಟ್ಟಿ ಬಂದಾಗ ನಿಮಗೆ ಹೊಂದುವ ಆಟ ಯಾವುದು ಅಂತ ಇದರಿಂದಲೇ ತಿಳಿಯುತ್ತದೆ. ನನಗೆ ಮಾಟಮಂತ್ರದ ಆಟಗಳಲ್ಲಿ ಗಡಿಯಾರ ಕಾಣುತ್ತದೆ. ಆಸ್ತಿ ಜಗಳದ ಆಟಗಳಲ್ಲಿ ಕಾಣುವುದಿಲ್ಲ. ಊರಿನ ಸಂಸ್ಕಾರ ಇರಬೇಕು.

ಆ ವಾರದೊಳಗೆ ಜಿಎಂಗೆ ಒಂದು ಪತ್ರ ಬರೆಯಿರಿ. "ಆಟ ಚೆನ್ನಾಗಿತ್ತು" ಅಂದರೆ ಅವರಿಗೆ ಏನೂ ಸಿಗುವುದಿಲ್ಲ. "ಎರಡನೇ ಗಂಟೆಯಲ್ಲಿ ನನಗೆ ಮಾಡುವುದಕ್ಕೆ ಕೆಲಸ ಇರಲಿಲ್ಲ, ತೋಟಗಾರನಿಗೂ ವಕೀಲನಿಗೂ ಏನಾದರೂ ಸಂಬಂಧ ಇದ್ದಿದ್ದರೆ ಚೆನ್ನಾಗಿತ್ತು" ಅಂತ ಬರೆಯಿರಿ. ಅವರು ದುಡ್ಡಿಗಾಗಿ ಬರೆಯುವವರಲ್ಲ. ಅದೇ ಆಟವನ್ನು ಇನ್ನೊಂದು ಕಡೆ ಆಡಿಸುವಾಗ ತಿದ್ದಿಕೊಳ್ಳುತ್ತಾರೆ.

ಸೋಮವಾರ ರಜೆ ಹಾಕಿ. ನೆಗಡಿ ಗ್ಯಾರಂಟಿ. ಜೊತೆಗೆ ಜಾತ್ರೆ ಮುಗಿದ ಮಾರನೇ ದಿನದ ಬೇಸರವೂ ಇರುತ್ತದೆ. ಎರಡು ದಿನ ರಾಜನಾಗಿ, ಕಳ್ಳನಾಗಿ ಇದ್ದು ಬೆಳಿಗ್ಗೆ ಒಂಬತ್ತಕ್ಕೆ ಸ್ಟೇಟಸ್ ಮೀಟಿಂಗ್ ಅಂದರೆ ಯಾರಿಗೆ ತಾನೇ ಸೇರುತ್ತದೆ?

ಕನ್ನಡದಲ್ಲಿ ಆಡುವ ಆಸೆಯಿದ್ದರೆ ಅದಕ್ಕೂ ದಾರಿ ಇದೆ. ಗೋಲ್ಡನ್ ಕೋಬ್ರಾ ಚಾಲೆಂಜ್ ಅಂತ ಲಾರ್ಪ್ ಬರೆಯುವ ಸ್ಪರ್ಧೆಯೊಂದು 2014ರಲ್ಲಿ ಶುರುವಾಯಿತು. ಅದಕ್ಕೆ ಬಂದ ಚಿಕ್ಕ ಆಟಗಳು ಪುಕ್ಕಟೆಯಾಗಿ ಸಿಗುತ್ತವೆ, ಎಷ್ಟೋ ಆಟಗಳಿಗೆ ಒಂದು ಕೋಣೆ ಸಾಕು. ಒಂದನ್ನು ಓದಿ ನೋಡಿ, ಆಮೇಲೆ ನಿಮ್ಮದೇ ಬರೆಯಿರಿ. ಪಾತ್ರಕ್ಕೆ ಒಂದು ಪುಟ ಸಾಕು. ಪ್ರತಿ ಪಾತ್ರಕ್ಕೂ ಕಡಿಮೆ ಅಂದರೆ ಮೂವರ ಜೊತೆ ಲೇವಾದೇವಿ ಇರಲಿ, ಸಾಲವೋ ಸಂಬಂಧವೋ ಹಳೆಯ ಸಿಟ್ಟೋ. ಮಕ್ಕಳನ್ನು ಮೇಲಿನ ಮಹಡಿಗೆ ಕಳಿಸಿ ಬೇಸ್‌ಮೆಂಟಿನಲ್ಲಿ ಆಡಿ. ಊಟ ಆಟದ ನಂತರ ಇಡಿ, ಮೊದಲು ಇಟ್ಟರೆ ಯಾರೂ ಏಳುವುದಿಲ್ಲ. ಹತ್ತು ಜನ ಬರುತ್ತೇವೆ ಅಂದರೆ ಏಳು ಪಾತ್ರ ಗಟ್ಟಿಯಾಗಿ ಬರೆಯಿರಿ. ಉಳಿದ ಮೂರು ಪಾತ್ರ ಇದ್ದರೂ ಇಲ್ಲದಿದ್ದರೂ ನಡೆಯುವ ಹಾಗಿರಲಿ. ನಮ್ಮವರು ಮನೆಯಿಂದ ಹೊರಟಿದ್ದೇವೆ ಅಂತ ಹೇಳುವುದು ಸ್ನಾನಕ್ಕೆ ಹೋಗುವ ಮೊದಲು.