ಒಂದೇ ಮೇಜಿಗೆ ನಾಲ್ವರು: ಬಾಳ್ಳುಪೇಟೆಯ ಬೀಜ ಆರಿಸುವ ಶೆಡ್ಡಿನಲ್ಲಿ ನನ್ನ ಅನುಭವ

ಅಸ್ಸಾಮಿನ ಹೆಂಗಸರನ್ನೂ ಊರಿನ ಹೆಂಗಸರನ್ನೂ ಒಂದೇ ಮೇಜಿಗೆ ಕೂರಿಸಿದರೆ ಎರಡು ವಾರದಲ್ಲಿ ಶೆಡ್ಡಿಗೆ ಬೀಗ ಬೀಳುತ್ತದೆ ಎಂದು ನನಗೆ ಬುದ್ಧಿ ಹೇಳಿದವರಲ್ಲಿ ಇಬ್ಬರು ಬೆಳೆಗಾರರು ಈಗ ತಮ್ಮ ಕಾಫಿಯನ್ನು ಅದೇ ಮೇಜಿಗೆ ಕಳುಹಿಸುತ್ತಿದ್ದಾರೆ. ಇದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರೆಯುವುದರಲ್ಲಿ ಹೆಚ್ಚಿನದು ಸೋತ ಕಥೆ. ಕಾಫಿ ಬೀಜದೊಳಗಿನ ದೋಷದ ಬೀಜವನ್ನು ಕೈಯಿಂದ ಆರಿಸಿ ತೆಗೆಯುವ ನಮ್ಮ ಶೆಡ್ಡಿನಲ್ಲಿ ಕಳೆದ ಹಂಗಾಮಿನಲ್ಲಿ ಮೂವತ್ತನಾಲ್ಕು ಹೆಂಗಸರಿದ್ದರು. ಹದಿನೆಂಟು ಜನ ಆಲೂರು ಮತ್ತು ಸಕಲೇಶಪುರ ಕಡೆಯ ಊರಿನವರು, ಹದಿನಾರು ಜನ ಅಸ್ಸಾಮಿನವರು. ದಿನಕ್ಕೆ ಸುಮಾರು ಇಪ್ಪತ್ತು ಮೂಟೆ ಬೀಜ ಆರಿಸಿ ಹೊರಗೆ ಹೋಗುತ್ತಿತ್ತು.

ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಹಾಸನದ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಹದಿನಾಲ್ಕು ವರ್ಷ ಗಾರ್ಬ್ಲಿಂಗ್, ಅಂದರೆ ಕೈಯಿಂದ ಬೀಜ ಆರಿಸುವ ಕೆಲಸದ ಮೇಲ್ವಿಚಾರಕಿಯಾಗಿದ್ದವಳು ನಾನು. ಬಣ್ಣ ನೋಡಿ ಆರಿಸುವ ಯಂತ್ರ ಬಂದ ಮೇಲೆ ನಮ್ಮ ಸಾಲು ಖಾಲಿಯಾಯಿತು. ಆದರೆ ಹತ್ತು ಇಪ್ಪತ್ತು ಮೂಟೆಯ ಸಣ್ಣ ಲಾಟಿಗೆ ಯಂತ್ರ ಹೊಂದುವುದಿಲ್ಲ, ಮತ್ತು ಯಂತ್ರದಿಂದ ಹೊರಬಂದ ಬೀಜದಲ್ಲೂ ಬೋರರ್ ಹುಳು ಕೊರೆದದ್ದು, ಕಿವಿಯಾಕಾರದ್ದು, ಹುಳಿತು ಬಣ್ಣ ತಿರುಗಿದ್ದು ಉಳಿದಿರುತ್ತದೆ ಎಂಬುದು ಈ ಕೆಲಸದಲ್ಲಿರುವವರಿಗೆ ಗೊತ್ತಿರುವ ವಿಷಯ. ಆ ಉಳಿಕೆಯ ಮೇಲೆ ನನ್ನ ಶೆಡ್ಡು ನಿಂತಿದೆ.

2019ರ ನವೆಂಬರಿನಲ್ಲಿ ಒಂಬತ್ತು ಜನರಿಂದ ಪ್ರಾರಂಭಿಸಿದೆ. ಎಲ್ಲರಂತೆ ನಾನೂ ಕೂಲಿಯವರನ್ನು ಒದಗಿಸುವ ಮೇಸ್ತ್ರಿಯ ಮೂಲಕ ಹೋದೆ, ಎಲ್ಲರಂತೆ ಮುಂಗಡ ಕೊಟ್ಟೆ. ನಲವತ್ತು ಸಾವಿರದ ಆಸುಪಾಸು ಇದ್ದಿರಬೇಕು. ಎಂಟನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಅವರಿಗೆಂದು ಬಾಡಿಗೆಗೆ ಹಿಡಿದಿದ್ದ ಮನೆಯಲ್ಲಿ ಒಂದು ಪ್ಲಾಸ್ಟಿಕ್ ಕೊಡ ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ತಿಳಿದದ್ದೇನೆಂದರೆ, ನಾನು ಕೊಟ್ಟ ಕೂಲಿಯಲ್ಲಿ ಆ ಹೆಂಗಸರ ಕೈಗೆ ಅರ್ಧವೂ ಮುಟ್ಟಿರಲಿಲ್ಲ, ಹಾಗಾಗಿ ಓಡಿಹೋಗುವುದರಲ್ಲಿ ಅವರು ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಮರುವರ್ಷ ಕೊರೊನಾ ಬಂದು ಶೆಡ್ಡು ಮುಚ್ಚಿತು. ಬಾಡಿಗೆ ಮಾತ್ರ ಮುಚ್ಚಲಿಲ್ಲ.

ಮುಚ್ಚಿದ್ದ ಆ ದಿನಗಳಲ್ಲಿ ಪರಿಚಯದ ತೋಟವೊಂದರ ಲೈನ್ ಮನೆಗಳಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ, ಅಕ್ಕಿ ಕೊಡಲು ಹೋದಾಗ ನನ್ನ ತಪ್ಪು ಕಣ್ಣಿಗೆ ಬಿತ್ತು. ತೋಟದ ಕೆಲಸಕ್ಕೆಂದು ಅಸ್ಸಾಮಿನಿಂದ ಬಂದ ಗಂಡಂದಿರ ಜೊತೆ ಬಂದು, ಎದೆಹಾಲಿನ ಮಗು ಇರುವ ಕಾರಣಕ್ಕೆ ಹಣ್ಣು ಕೊಯ್ಯಲು ಹೋಗಲಾಗದೆ ಹಗಲೆಲ್ಲ ಬಾಗಿಲ ಬಳಿ ಕೂತಿರುವ ಹೆಂಗಸರು ಒಂದೊಂದು ಲೈನಿನಲ್ಲೂ ನಾಲ್ಕೈದು ಜನ ಇದ್ದರು. ಕೆಲಸದವರನ್ನು ಎರಡೂವರೆ ಸಾವಿರ ಕಿಲೋಮೀಟರಿಗೂ ಆಚೆಯಿಂದ ಕರೆಸುವ ಅಗತ್ಯವೇ ಇರಲಿಲ್ಲ. ಅವರು ಆಗಲೇ ಬಂದಾಗಿತ್ತು, ಮನೆಯೂ ಇತ್ತು. ಇಲ್ಲದೇ ಇದ್ದದ್ದು ಮಗುವನ್ನು ಬಿಡುವ ಜಾಗ ಮಾತ್ರ.

ಇವರನ್ನು ನಿರಾಶ್ರಿತರೆಂದು ಯಾವ ಕಾಗದದಲ್ಲೂ ಬರೆಯುವುದಿಲ್ಲ. ತಮ್ಮದೇ ದೇಶದೊಳಗೆ ಕೆಲಸ ಹುಡುಕಿ ಬಂದ ಕೂಲಿಕಾರರು, ಅಷ್ಟೆ. ಆದರೆ ಬ್ರಹ್ಮಪುತ್ರ ಮತ್ತದರ ಉಪನದಿಗಳು 1950ರಿಂದ ಈಚೆಗೆ ಅಸ್ಸಾಮಿನ 4 ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿಯನ್ನು ಕೊರೆದು ನುಂಗಿವೆ, ಮತ್ತು ನಮ್ಮ ಶೆಡ್ಡಿಗೆ ಬರುವ ಹದಿನಾರರಲ್ಲಿ ಹನ್ನೊಂದು ಜನರ ಗದ್ದೆ ಹೋದದ್ದು ಆ ನೀರಿಗೇ. ಊರಿನವರಿಗೆ ಇದನ್ನು ಅರ್ಥ ಮಾಡಿಸಲು ನನಗೆ ಉಪನ್ಯಾಸ ಬೇಕಾಗಲಿಲ್ಲ. ನಮ್ಮ ಹದಿನೆಂಟು ಜನರಲ್ಲಿ ಏಳು ಜನ ಮುಳುಗಡೆಯವರ ಮನೆಯ ಸೊಸೆಯಂದಿರು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದು ಹಿನ್ನೀರು ಏರಿದಾಗ ಊರು ಬಿಟ್ಟು ಬಂದ ಮನೆಗಳವು. ‘ಮುಳುಗಡೆಯವರು’ ಎಂಬ ಮಾತನ್ನು ಒಂದು ಕಾಲದಲ್ಲಿ ಇಲ್ಲಿ ಯಾವ ದನಿಯಲ್ಲಿ ಹೇಳುತ್ತಿದ್ದರೆಂಬುದು ನನ್ನ ಅತ್ತೆಗೂ ಗೊತ್ತು, ಏಕೆಂದರೆ ಅವರೂ ಆ ಪೈಕಿಯೇ.

2021ರ ಡಿಸೆಂಬರಿನಲ್ಲಿ ಮತ್ತೆ ತೆರೆದೆ. ಮೊದಲು ಮಾಡಿದ್ದು ಶೆಡ್ಡಿನ ಹಿಂಭಾಗದ ಗೋದಾಮಿಗೆ ಸಿಮೆಂಟು ಹಾಕಿಸಿ ಶಿಶುವಿಹಾರ ಮಾಡಿದ್ದು. ನೆಲ, ತೊಟ್ಟಿಲ ಹಗ್ಗಕ್ಕೆ ಕಬ್ಬಿಣದ ಕೊಕ್ಕೆ, ಒಂದು ಶೌಚಾಲಯ, ಎಲ್ಲ ಸೇರಿ ಎಪ್ಪತ್ತು ಸಾವಿರ ದಾಟಿತು. ಒಬ್ಬ ಊರಿನ ಅಜ್ಜಿ, ಒಬ್ಬಳು ಅಸ್ಸಾಮಿನ ಹುಡುಗಿ, ಇಬ್ಬರನ್ನೂ ಸೇರಿಸಿಯೇ ಇಟ್ಟೆ. ಅಜ್ಜಿಯೊಬ್ಬರೇ ಇದ್ದ ಮೊದಲ ತಿಂಗಳಲ್ಲಿ ಅಸ್ಸಾಮಿನ ಒಂದೇ ಒಂದು ಮಗುವೂ ಬರಲಿಲ್ಲ. ಮಗು ಅತ್ತಾಗ ಏನು ಹೇಳಿ ಸಮಾಧಾನ ಮಾಡುತ್ತಾರೋ ಎಂದು ತಾಯಂದಿರಿಗೆ ಭಯ. ಹುಡುಗಿ ಬಂದ ವಾರವೇ ಆರು ಮಕ್ಕಳು ಬಂದವು. ಆಮೇಲೆ ಕೆಲಸಕ್ಕೆ ಬರದ ಊರಿನ ಹೆಂಗಸರ ಮಕ್ಕಳನ್ನೂ ಅಂಗನವಾಡಿ ಮುಗಿದ ಮೇಲೆ ಸಂಜೆಯವರೆಗೆ ಬಿಡಬಹುದು ಎಂದು ಸಾರಿದೆ. ಇದು ವ್ಯರ್ಥ ಖರ್ಚು ಎಂದು ನನ್ನ ಯಜಮಾನರೇ ಹೇಳಿದ್ದರು. ಹೊರಗಿನವರನ್ನು ಕೆಲಸಕ್ಕೆ ಇಟ್ಟುಕೊಂಡೆನೆಂಬ ಊರಿನ ಬೈಗುಳ ಅಲ್ಲಿಂದಲೇ ಇಳಿಯತೊಡಗಿತು ಎಂಬುದು ನನ್ನ ಅಂದಾಜು.

ಈ ಆಲೋಚನೆ ಪೂರ್ತಿ ನನ್ನದೆಂದು ಹೇಳಿಕೊಳ್ಳುವುದಿಲ್ಲ. ನನ್ನ ಅಕ್ಕನ ಮಗ ಜೋರ್ಡನ್ನಿನ ಇರ್ಬಿದ್ ಬಳಿ ಅಲ್ ಹಸನ್ ಎಂಬ ಕೈಗಾರಿಕಾ ವಲಯದ ಗಾರ್ಮೆಂಟ್ಸಿನಲ್ಲಿ ಕ್ವಾಲಿಟಿ ಚೆಕ್ಕರ್ ಆಗಿದ್ದ. ಹಾಸನದಿಂದ ಹೊರಟು ಹಸನ್‌ಗೆ ಹೋದವನು ಎಂದು ನಾವು ಈಗಲೂ ನಗುತ್ತೇವೆ. ಸಿರಿಯಾದಿಂದ ಓಡಿಬಂದವರಿಗೆ 2 ಲಕ್ಷ ಕೆಲಸದ ಅವಕಾಶ ಕೊಡುತ್ತೇವೆಂದು ಆ ದೇಶ 2016ರ ಫೆಬ್ರವರಿಯಲ್ಲಿ ಲಂಡನ್ನಿನ ಸಮಾವೇಶದಲ್ಲಿ ಒಪ್ಪಿತ್ತು. ನೂರಕ್ಕೆ ಹದಿನೈದು ಸಿರಿಯನ್ನರನ್ನು ಇಟ್ಟುಕೊಂಡ ಕಾರ್ಖಾನೆಗಳ ಮಾಲಿಗೆ ಯುರೋಪಿಯನ್ ಒಕ್ಕೂಟ ತನ್ನ ಆಮದು ನಿಯಮ ಸಡಿಲಿಸಿತ್ತು. ಆದರೂ ಮೊದಲ ವರ್ಷಗಳಲ್ಲಿ ಪರವಾನಗಿ ಪಡೆದವರಲ್ಲಿ ಹೆಂಗಸರು ತೀರ ಕಡಿಮೆ. ಕಾರ್ಖಾನೆ ದೂರ, ಬಸ್ಸಿನ ಖರ್ಚು, ಮಕ್ಕಳನ್ನು ನೋಡಿಕೊಳ್ಳುವವರಿಲ್ಲ. ಇದನ್ನು ಅವನು ಫೋನಿನಲ್ಲಿ ಹೇಳಿದಾಗ ನಮ್ಮ ಲೈನ್ ಮನೆಯ ಬಾಗಿಲುಗಳೇ ನೆನಪಾದವು. ಇನ್ನೊಂದು ಉಗಾಂಡದ ವಿಷಯ. ಅಲ್ಲಿ ನಿರಾಶ್ರಿತರಿಗೆ ಕೆಲಸದ ಹಕ್ಕಿದೆ, ಉಳಲು ಒಂದು ತುಂಡು ನೆಲವನ್ನೂ ಕೊಡುತ್ತಾರೆ. ಅವರಿಗೆಂದು ಬರುವ ನೆರವಿನಲ್ಲಿ ನೂರಕ್ಕೆ ಮೂವತ್ತರಷ್ಟು ಜಾಗ ಕೊಟ್ಟ ಊರಿನವರಿಗೆ ಹೋಗಬೇಕೆಂಬುದು ಅಲ್ಲಿನ ಸರಕಾರದ ನೀತಿ. ಮೂವತ್ತು ಸಾಲದು ಎಂದು ನನಗೆ ಅನ್ನಿಸಿ ನಮ್ಮ ಮೇಜುಗಳಲ್ಲಿ ಊರಿನವರ ಪಾಲನ್ನು ಅರ್ಧಕ್ಕರ್ಧ ಮಾಡಿದೆ.

ಅಷ್ಟು ದೂರ ಏಕೆ, ಎರಡು ಗಂಟೆಯ ದಾರಿಯ ಬೈಲಕುಪ್ಪೆಯನ್ನೇ ನೋಡಬಹುದು. ಬಿ. ಡಿ. ಜತ್ತಿಯವರು ಮುಖ್ಯಮಂತ್ರಿಯಾಗಿದ್ದಾಗ ಮೈಸೂರು ಸರಕಾರ ಟಿಬೆಟನ್ನರಿಗೆ ಸುಮಾರು 3,000 ಎಕರೆ ಕಾಡುನೆಲ ಕೊಟ್ಟು, 1960ರ ಆಸುಪಾಸಿನಲ್ಲಿ ಆ ಶಿಬಿರ ಶುರುವಾಯಿತು. ನಾನು ಅಲ್ಲಿಗೆ ಹೋದದ್ದು ಕಂಬಳಿ ಮಗ್ಗ ನೋಡುವ ಆಸೆಯಿಂದ. ಆದರೆ ನನ್ನ ಕಣ್ಣು ಹೋದದ್ದು ಅವರ ಜೋಳದ ಹೊಲದಲ್ಲೂ ಅಡುಗೆಮನೆಯಲ್ಲೂ ಕೂಲಿಗೆ ಬರುವ ಸುತ್ತಲಿನ ಕನ್ನಡದ ಹೆಂಗಸರ ಕಡೆಗೆ. ಬಂದವರಿಂದ ಇದ್ದವರಿಗೆ ಕೆಲಸ ಹುಟ್ಟಿದೆ ಎಂಬುದನ್ನು ತೋರಿಸಲು, ಮರುತಿಂಗಳು ನಮ್ಮೂರಿನ ಮೂವರನ್ನು ವ್ಯಾನಿನಲ್ಲಿ ಕರೆದುಕೊಂಡು ಹೋದೆ. ಅವರು ಮೊಮೊ ತಿಂದು ಬಂದರು, ಅಷ್ಟೇ ಲಾಭ.

ಕೂಲಿಯ ಲೆಕ್ಕದಲ್ಲಿ ನಾನು ಪೂರಾ ಒಂದು ಹಂಗಾಮು ಕಳೆದುಕೊಂಡೆ. ಮೊದಲು ಕಿಲೋ ಲೆಕ್ಕ ಇಟ್ಟಿದ್ದೆ. ಊರಿನವರು ನಾಲ್ಕೂವರೆಯ ಬಸ್ಸಿಗೆ ಎದ್ದರೆ, ಪಕ್ಕದ ತೋಟದವರಾದ ಅಸ್ಸಾಮಿನವರು ಆರರವರೆಗೆ ಕೂರುತ್ತಿದ್ದರು. ಶನಿವಾರ ಪಟ್ಟಿ ಓದಿದಾಗ ಎಂಬತ್ತು ನೂರು ರೂಪಾಯಿಯ ವ್ಯತ್ಯಾಸ, ಅದರ ಹಿಂದೆ ಜಗಳ. ಕಿಲೋ ಏರಿಸುವ ಆತುರದಲ್ಲಿ ಕಪ್ಪು ಬೀಜ ಉಳಿದು, ಒಬ್ಬ ಬೆಳೆಗಾರರ ಹದಿನೆಂಟು ಮೂಟೆ ವಾಪಸು ಬಂತು. ಮತ್ತೆ ಆರಿಸಿಕೊಟ್ಟದ್ದಕ್ಕೆ ಹನ್ನೆರಡು ಸಾವಿರ ನನ್ನ ಕೈಯಿಂದ ಹೋಯಿತು. ನಂತರ ಆರು ಜನರ ಮೇಜು ಮಾಡಿ ಗಳಿಕೆಯನ್ನು ಹಂಚಿದೆ. ನಿಧಾನಕ್ಕೆ ಆರಿಸುವವಳ ಮೇಲೆ ಉಳಿದ ಐವರೂ ಬಿದ್ದರು. ಪಾಪ, ಆಕೆ ಬಾಣಂತನ ಮುಗಿಸಿ ಬಂದವಳು.

ಈಗಿರುವ ಕ್ರಮ ನಾಲ್ವರ ಮೇಜು. ಇಬ್ಬರು ಊರಿನವರು, ಇಬ್ಬರು ಅಸ್ಸಾಮಿನವರು, ಎದುರುಬದುರಾಗಿ ಅಲ್ಲ, ಒಬ್ಬರ ಪಕ್ಕ ಒಬ್ಬರು. ದಿನಕ್ಕೆ ನಾನೂರ ಹತ್ತರಂತೆ ಎಲ್ಲರಿಗೂ ಒಂದೇ ಕೂಲಿ. ಅದರ ಮೇಲೆ, ಸಂಜೆ ಪ್ರತಿ ಮೇಜಿನ ರಾಶಿಯಿಂದ 300 ಗ್ರಾಂ ತೆಗೆದು ದೋಷದ ಬೀಜ ಎಣಿಸಿ, ಅದು ಕಡಿಮೆಯಿದ್ದಷ್ಟೂ ಮೇಜಿಗೆ ಬೋನಸ್. ಎಷ್ಟು ಬೀಜಕ್ಕೆ ಎಷ್ಟು ಎಂಬ ಲೆಕ್ಕವನ್ನೂ, ಯಾರನ್ನು ಯಾವಾಗ ಮೇಜು ಬದಲಿಸುತ್ತೇನೆ ಎಂಬುದನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಆ ಎರಡನ್ನು ಕಲಿಯಲು ನನಗೆ ಒಂದೂವರೆ ಲಕ್ಷ ಹಿಡಿದಿದೆ. ಇಷ್ಟು ಹೇಳಬಹುದು: ಬೋನಸ್ಸನ್ನು ಅದೇ ಸಂಜೆ ನಗದಾಗಿ ಕೊಡಬೇಕು, ವಾರಕ್ಕೆ ಕೂಡಿಟ್ಟರೆ ಅದು ಕೂಲಿಯೊಳಗೆ ಸೇರಿಹೋಗಿ ಯಾರ ನೆನಪಿನಲ್ಲೂ ನಿಲ್ಲುವುದಿಲ್ಲ. ಭಾಷೆ ನಾನು ಹೆದರಿದಷ್ಟು ತೊಂದರೆ ಕೊಡಲಿಲ್ಲ. ಕಪ್ಪು, ಒಡಕು, ಬೋರರ್, ಕಿವಿ, ಹುಳಿ ಎಂದು ಐದು ಬಗೆಯ ಬೀಜವನ್ನು ರಟ್ಟಿಗೆ ಅಂಟಿಸಿ ಮೇಜಿನ ಮಧ್ಯೆ ಇಟ್ಟೆ. ಮೂರು ದಿನದಲ್ಲಿ ಆ ಐದು ಕನ್ನಡದ ಮಾತು ಅವರಿಗೆ ಬಂತು, ‘ಭಾಲೊ’, ಅಂದರೆ ಒಳ್ಳೆಯದು, ಎಂಬುದು ನಮ್ಮವರಿಗೆ ಬಂತು.

2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗ ಹೊಸ ತೊಡಕು ಹುಟ್ಟಿತು. ಊರಿನವರಿಗೆ ಬಸ್ಸು ಉಚಿತ, ಕರ್ನಾಟಕದ ವಿಳಾಸವಿಲ್ಲದ ಅಸ್ಸಾಮಿನವರಿಗೆ ಟಿಕೆಟ್ಟು. ದೂರದ ತೋಟಗಳಿಂದ ಬರುವ ಐದಾರು ಜನರ ಟಿಕೆಟ್ಟನ್ನು ನಾನು ಕೊಡಲು ಹೊರಟರೆ, ಅವರಿಗೆ ಮಾತ್ರ ಏಕೆ ಎಂಬ ಪ್ರಶ್ನೆ ಎದ್ದಿತು. ಕೊನೆಗೆ ‘ತಿಂಡಿ ದುಡ್ಡು’ ಎಂದು ಹೆಸರಿಟ್ಟು ಮೂವತ್ತನಾಲ್ಕು ಜನರಿಗೂ ದಿನಕ್ಕೆ ಹದಿನೈದು ರೂಪಾಯಿ ಕಟ್ಟಿದೆ. ಟಿಕೆಟ್ಟಿಗಿಂತ ಇದು ಮೂರು ಪಟ್ಟು ದುಬಾರಿ, ಆದರೆ ಆ ಪ್ರಶ್ನೆ ಮತ್ತೆ ಬರಲಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ಮೇಲೆ ಊರಿನ ಹೆಂಗಸರು ಕೆಲಸಕ್ಕೇ ಬರುವುದಿಲ್ಲ ಎಂದು ಹೋಟೆಲಿನಲ್ಲಿ ಕೂತು ಭವಿಷ್ಯ ನುಡಿದವರಿದ್ದರು. ನನ್ನಲ್ಲಿ ಒಬ್ಬರೂ ಬಿಡಲಿಲ್ಲ, ಇಬ್ಬರು ಚೀಟಿ ಹಾಕಿ ಹೊಲಿಗೆ ಯಂತ್ರ ಕೊಂಡರು.

ಬೆಳಿಗ್ಗೆ ಸಂಜೆ ದಾರಿಗೆ ಬರುವ ಕಾಡಾನೆಯ ವಿಷಯ ಈ ಕಡೆಯವರಿಗೆ ವಿವರಿಸಬೇಕಿಲ್ಲ. ಬೆಳಿಗ್ಗೆ ಎಂಟಕ್ಕೆ ತೆರೆಯುತ್ತಿದ್ದ ಶೆಡ್ಡನ್ನು ಒಂಬತ್ತೂವರೆಗೆ ತಂದೆ, ಸಂಜೆ ಐದಕ್ಕೆ ಎಲ್ಲರನ್ನೂ ಎಬ್ಬಿಸುತ್ತೇನೆ, ಅರಣ್ಯ ಇಲಾಖೆಯ ಸಂದೇಶ ಬಂದ ದಿನ ಬಾಡಿಗೆ ವ್ಯಾನು. ದಿನಕ್ಕೆ ಒಂದು ಗಂಟೆಗೂ ಹೆಚ್ಚಿನ ಕೆಲಸ ಹೋಯಿತೆಂದು ಮೊದಲು ಲೆಕ್ಕ ಹಾಕಿದ್ದೆ. ಒಟ್ಟು ತೂಕ ಕಡಿಮೆಯಾಗಲಿಲ್ಲ, ಬೆಳಕು ಚೆನ್ನಾಗಿರುವ ಹೊತ್ತಿನಲ್ಲೇ ಕೈ ಓಡುತ್ತದೆ.

ಅಸ್ಸಾಮಿನಲ್ಲಿ 2022ರ ಜೂನಿನಿಂದ ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆ ಬಂದಿತ್ತು, ಆದ್ದರಿಂದ ಅವರ ಚೀಟಿಗೆ ಇಲ್ಲಿಯೂ ಅಕ್ಕಿ ಸಿಗಬೇಕು. ಅಂಗಡಿಯಾತ ಮೊದಲ ಎರಡು ಬಾರಿ ವಾಪಸು ಕಳುಹಿಸಿದ. ಮೂರನೆಯ ಬಾರಿ ನಾನೂ ಊರಿನ ಇಬ್ಬರೂ ಜೊತೆಗೆ ಹೋಗಿ ಸಾಲಿನಲ್ಲಿ ನಿಂತೆವು, ಬೆರಳಚ್ಚು ಕೂಡಲೇ ಹೊಂದಿತು.

ನಡುವೆ ಮನೆಗೇ ಬೀಜ ಕೊಡುವ ಪ್ರಯೋಗವನ್ನೂ ಮಾಡಿದ್ದೆ. ಶೆಡ್ಡಿಗೆ ಬರಲಾಗದವರಿಗೆ ಹತ್ತು ಹತ್ತು ಕಿಲೋ ಚೀಲ. ಜೂನಿನ ಮಳೆ ಹಿಡಿದಿತ್ತು. ವಾಪಸು ಬಂದ ಬೀಜ ತೇವ ಎಳೆದು ತೂಕದಲ್ಲಿ ಹೆಚ್ಚಾಗಿತ್ತು, ಅಂಚು ಬೆಳ್ಳಗಾಗಿತ್ತು, ಮೂರು ಚೀಲಕ್ಕೆ ಸೌದೆ ಹೊಗೆಯ ವಾಸನೆ ಹತ್ತಿತ್ತು. ಆ ಲಾಟನ್ನು ನಾನೇ ಕೊಂಡುಕೊಂಡು ಸ್ಥಳೀಯ ಪುಡಿ ಅಂಗಡಿಗೆ ಅಗ್ಗಕ್ಕೆ ಕೊಟ್ಟೆ. ಮಳೆಗಾಲಕ್ಕೆಂದು ಸ್ಯಾಂಪಲ್ ಚೀಲ ಹೊಲಿಯುವ ಇನ್ನೊಂದು ಪ್ರಯೋಗ ಈಗಲೂ ಕುಂಟುತ್ತಿದೆ. ನಾಲ್ಕು ಸೆಕೆಂಡ್ ಹ್ಯಾಂಡ್ ಯಂತ್ರಗಳಲ್ಲಿ ಎರಡು ಓಡುತ್ತವೆ. ಮೆಣಸು ಜರಡಿ ಹಿಡಿಯುವುದು ಮಾತ್ರ ಏಪ್ರಿಲಿನವರೆಗೆ ಕೈ ಹಿಡಿಯುತ್ತದೆ.

ಒಟ್ಟು ಲೆಕ್ಕ ಕೇಳುವವರಿಗೆ ನೆನಪಿನಿಂದ ಹೇಳುತ್ತೇನೆ. ಒಬ್ಬರು ದಿನಕ್ಕೆ ಮೂವತ್ತೈದರಿಂದ ನಲವತ್ತು ಕಿಲೋ ಆರಿಸುತ್ತಾರೆ, ಬೆಳೆಗಾರರಿಂದ ನನಗೆ ಕಿಲೋಗೆ ಹದಿನಾರು ರೂಪಾಯಿ. ಕೂಲಿ, ಬೋನಸ್, ತಿಂಡಿ ದುಡ್ಡು, ಇಬ್ಬರು ಆಯಾಗಳು, ಬಾಡಿಗೆ, ವ್ಯಾನು ಎಲ್ಲ ಕಳೆದರೆ ಹಂಗಾಮಿನಲ್ಲಿ ತಿಂಗಳಿಗೆ ಇಪ್ಪತ್ತೈದು ಸಾವಿರ ಉಳಿದರೆ ಹೆಚ್ಚು. ಕಾಫಿಯ ಬೆಲೆ ಏರಿದ ಮೇಲೆ ಆರಿಸುವುದಕ್ಕೆ ಖರ್ಚು ಮಾಡಲು ಬೆಳೆಗಾರರು ಹಿಂದೆಮುಂದೆ ನೋಡುತ್ತಿಲ್ಲ. ಬೆಲೆ ಇಳಿದ ವರ್ಷ ಏನಾಗುತ್ತದೋ ನೋಡಬೇಕು.

ಏಪ್ರಿಲಿನಲ್ಲಿ ಊರಿಗೆ ಹೋದ ಹದಿನಾರು ಜನರಲ್ಲಿ ಹದಿಮೂರು ಜನ ಈ ಸಲ ನವೆಂಬರಿನ ಮೊದಲ ವಾರ ಮೇಸ್ತ್ರಿಯಿಲ್ಲದೆ, ಮುಂಗಡವಿಲ್ಲದೆ ತಾವೇ ಬಂದರು, ಜೊತೆಗೆ ಏಳು ಜನ ಹೊಸಬರನ್ನು ಕರೆತಂದರು. ಅಲ್ಲಿಗೆ ಅವರು ಇಪ್ಪತ್ತು, ಊರಿನವರು ಹದಿನೆಂಟೇ. ಮೇಜಿನ ಲೆಕ್ಕ ಕೂಡಬೇಕಾದರೆ ಊರಿನಿಂದ ಇನ್ನಿಬ್ಬರು ಬೇಕು, ಒಬ್ಬಳು ದೀಪಾವಳಿ ಕಳೆದ ಮೇಲೆ ಒಪ್ಪಿದ್ದಾಳೆ. ಇನ್ನೊಬ್ಬಳು ಸಿಗುವವರೆಗೆ ಹೊಸಬರಲ್ಲಿ ಒಬ್ಬಳನ್ನು ಚೀಲ ಹೊಲಿಯುವ ಯಂತ್ರಕ್ಕೆ ಕೂರಿಸಿದ್ದೇನೆ. ನಿಂತುಹೋಗಿದ್ದ ಮೂರನೆಯ ಯಂತ್ರವನ್ನು ಆಕೆ ನಿನ್ನೆ ಬಿಚ್ಚಿ, ಎಣ್ಣೆ ಹಾಕಿ ಓಡಿಸಿದಳು.