ದೊಡ್ಡ ಮಕ್ಕಳ ಕೈಗೆ ಚಿಕ್ಕವರನ್ನು ಒಪ್ಪಿಸಿದ ಮೇಲೆ

ನಂಬಿಕೆಯನ್ನು ಚರ್ಚಿನ ಮುಂದೆ ತಾವೇ ಒಪ್ಪಿ ಹೇಳುವ ದೃಢೀಕರಣ ವಿಧಿ ಮುಗಿದ ಮರುವಾರದಿಂದಲೇ ಮಕ್ಕಳು ಕಾಣೆಯಾಗುವುದು ಸಂಡೇ ಸ್ಕೂಲ್ ನಡೆಸುವವರಿಗೆಲ್ಲ ಗೊತ್ತಿರುವ ಸಂಕಟ. ಉಡುಪಿ ಕಡೆಯ ನಮ್ಮ ಸಣ್ಣ ಸಿಎಸ್‌ಐ (ದಕ್ಷಿಣ ಭಾರತ ಚರ್ಚ್) ಸಭೆಯಲ್ಲಿ ನಾನು ಹೊಣೆ ವಹಿಸಿಕೊಂಡಾಗ, ಒಂಬತ್ತನೆಯ ತರಗತಿಯಿಂದ ಪಿಯುಸಿವರೆಗಿನ ಸುಮಾರು 20 ಮಕ್ಕಳಲ್ಲಿ ಬರುತ್ತಿದ್ದವರು ಐದಾರು ಮಂದಿ ಮಾತ್ರ. ಈಗ ಮೂರು ವರ್ಷಗಳಿಂದ 16–17 ಮಂದಿ ತಪ್ಪದೆ ಬರುತ್ತಿದ್ದಾರೆ. ‘ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಕಥೆ ಹೇಳಿಸುವುದು ಆರು ತಿಂಗಳೂ ನಡೆಯದು’ ಎಂದು ಸಭಾ ಸಮಿತಿಯಲ್ಲಿ ನುಡಿದಿದ್ದ ಹಿರಿಯರೊಬ್ಬರು ಈಚೆಗೆ ತಾವೇ ಮೊಮ್ಮಗಳನ್ನು ಕರೆತಂದು ಬಿಟ್ಟು ಹೋದರು. ಅಂದು ನನಗಾದ ಸಂತೋಷವನ್ನು ಮುಚ್ಚಿಡಲಾರೆ.

ಇದಕ್ಕೂ ಮೊದಲು ಸೋತದ್ದು ಕಡಿಮೆಯೇನಲ್ಲ. ಮೊದಲ ವರ್ಷ ಆರರಿಂದ ಹದಿನೇಳು ವಯಸ್ಸಿನವರನ್ನೆಲ್ಲ ಒಂದೇ ಹಾಲ್‌ನಲ್ಲಿ ಕೂರಿಸಿದೆ. ಚಿಕ್ಕವರು ಗಲಾಟೆ ಮಾಡಿದರು, ದೊಡ್ಡವರು ಬಾಗಿಲ ಹೊರಗೇ ನಿಂತರು. ಮರುವರ್ಷ ವಯಸ್ಸಿಗೆ ತಕ್ಕಂತೆ ನಾಲ್ಕು ತರಗತಿ ಮಾಡಿದೆ. ನಾಲ್ವರು ಶಿಕ್ಷಕರಲ್ಲಿ ಇಬ್ಬರು ಮಳೆಗಾಲ ಮುಗಿಯುವುದರೊಳಗೆ ಬಿಟ್ಟರು. ರಜೆಯ ಬೈಬಲ್ ಶಾಲೆಗೆಂದು ಆರು ಸಾವಿರದಷ್ಟು ಸುರಿದು ತರಿಸಿದ ಇಂಗ್ಲಿಷ್ ಪುಸ್ತಕಗಳ ಕಟ್ಟು ಇಂದಿಗೂ ಕಪಾಟಿನಲ್ಲಿದೆ. ಮನೆಯಲ್ಲಿ ತುಳು, ಆರಾಧನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆಡುವ ಮಕ್ಕಳಿಗೆ ಆ ಪಾಠ ಪರೀಕ್ಷೆಯಂತೆಯೇ ಕಂಡಿತು. ಬಾಡಿಗೆಗೆ ತಂದ ಕೀಬೋರ್ಡ್ ಒಂದು ತಿಂಗಳು ಮಕ್ಕಳನ್ನು ಸೆಳೆಯಿತು, ಅಷ್ಟೆ.

ಕೊನೆಗೆ ಹಿಡಿದ ದಾರಿ ಇದು. ಭಾನುವಾರದ ಟ್ಯೂಷನ್‌ಗೆ ಅಡ್ಡ ಬರದಂತೆ ಕೂಟವನ್ನು ಶನಿವಾರ ಸಂಜೆ ನಾಲ್ಕೂವರೆಗೆ ಇಟ್ಟೆ. ಒಂಬತ್ತನೆಯ ತರಗತಿ ದಾಟಿದ ಒಬ್ಬೊಬ್ಬರಿಗೂ ಆರರಿಂದ ಒಂಬತ್ತು ವಯಸ್ಸಿನ ಇಬ್ಬರನ್ನು ವಹಿಸಿದೆ. ಮೊದಲ ಅರ್ಧ ಗಂಟೆ ದೊಡ್ಡವರಿಗೆ ನಾನು ಕಥೆ ಹೇಳುತ್ತೇನೆ, ಅದನ್ನೇ ಅವರು ಹೋಗಿ ಚಿಕ್ಕವರಿಗೆ ಹೇಳಬೇಕು. ಹತ್ತರಿಂದ ಹದಿಮೂರರವರನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ, ಏಕೆಂದರೆ ಆ ವಯಸ್ಸಿನವರು ಇನ್ನೊಬ್ಬರ ಮಾತು ಕೇಳುವುದೂ ಇಲ್ಲ, ತಾವು ಮುಂದೆ ನಿಲ್ಲುವುದೂ ಇಲ್ಲ. ಯಾರಿಗೆ ಯಾರನ್ನು ಒಪ್ಪಿಸಬೇಕೆಂಬುದರಲ್ಲಿ ನನ್ನದೇ ಆದ ಒಂದೆರಡು ಲೆಕ್ಕಾಚಾರಗಳಿವೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಬಾಗಿಲು ತೆರೆದಿರಬೇಕು, ಇಬ್ಬರು ಹಿರಿಯರು ಕಣ್ಣಳತೆಯಲ್ಲೇ ಇರಬೇಕು ಎಂಬುದರಲ್ಲಿ ಎಳ್ಳಷ್ಟೂ ಸಡಿಲಿಕೆ ಕೂಡದು.

ಎರಡನೆಯ ತಿಂಗಳಲ್ಲಿ ಇದು ನಡೆದೀತೆಂಬ ಧೈರ್ಯ ಬಂತು. ನಾಲ್ಕು ಮಾತು ಕೂಡಿಸಿ ಆಡದಿದ್ದ ಹುಡುಗನೊಬ್ಬ, ಅಂಗಳದ ಪೇರಳೆ ಮರದ ತಗ್ಗು ಕೊಂಬೆಯೇರಿ ಕುಳಿತು, ಯೇಸುವನ್ನು ಕಾಣಲು ಮರವೇರಿದ ಬೈಬಲಿನ ಕುಳ್ಳ ಜಕ್ಕಾಯನ ಕಥೆಯನ್ನು ತುಳುವಿನಲ್ಲಿ ಹೇಳುತ್ತಿದ್ದ. ‘ಇಳಿದು ಬಾ’ ಎಂದು ಯೇಸು ಕರೆಯುವಲ್ಲಿಗೆ ಬಂದಾಗ ಕೆಳಗಿದ್ದ ಇಬ್ಬರೂ ಅವನ ಕಾಲು ಹಿಡಿದು ಎಳೆದರು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಬಾಸೆಲ್ ಮಿಶನ್ನಿನ ಕಿಟೆಲ್ ಅವರು ಕ್ರಿಸ್ತನ ಕಥೆಯನ್ನು ನಮ್ಮ ನೆಲದ ಛಂದಸ್ಸಿನಲ್ಲಿ ಹಾಡಿ 1862ರಲ್ಲಿ ‘ಕಥಾಮಾಲೆ’ಯನ್ನು ಹೊರತಂದಿದ್ದರು. ಆ ಜಾಡಿನಲ್ಲಿ, ಶಾಲೆಯಲ್ಲಿ ಭಾಮಿನಿ ಷಟ್ಪದಿ ಕಲಿತ ದೊಡ್ಡವರಿಂದ ಕ್ರಿಸ್ಮಸ್‌ಗೆ ನಾಲ್ಕು ಪದ್ಯ ಕಟ್ಟಿಸಿದೆ. ಮಾತ್ರೆ ಎರಡು ಕಡೆ ತಪ್ಪಿತ್ತಾದರೂ ಸಭೆ ಮೆಚ್ಚಿತು.

ಖರ್ಚು ತಿಂಗಳಿಗೆ 1,800 ರೂಪಾಯಿಯ ಆಸುಪಾಸು. ಹೆಚ್ಚಿನದು ಅವಲಕ್ಕಿ, ಬಾಳೆಹಣ್ಣು, ಚಹಾಕ್ಕೇ ಹೋಗುತ್ತದೆ. ಸಮಿತಿ ಕೊಡುವುದು ಅದರ ಅರ್ಧ. ಉಳಿದದ್ದಕ್ಕಾಗಿ ಮಕ್ಕಳೇ ಬಸಳೆ, ಸೌತೆ ಬೆಳೆಸಿ ಬೆಳೆ ಹಬ್ಬದಲ್ಲಿ ಏಲಂಗೆ ಇಡುತ್ತಾರೆ. ಹೋದ ಸಲ ಏಳು ಸಾವಿರ ದಾಟಿತು. ಒಂದು ಸೌತೆಕಾಯಿಗೇ 600 ರೂಪಾಯಿ ಬಂದಿತ್ತು.

ಇನ್ನೂ ಬಗೆಹರಿಯದಿರುವುದು ಜೂನ್ ತಿಂಗಳು. ಪಿಯುಸಿ ಮುಗಿಸಿದವರು ಮಂಗಳೂರು, ಬೆಂಗಳೂರು ಸೇರಿದಾಗ ಅವರ ಪಾಲಿನ ಚಿಕ್ಕವರು ಹೊಸಬರಿಗೆ ಸುಲಭವಾಗಿ ಒಗ್ಗುವುದಿಲ್ಲ. ಈ ವರ್ಷ, ಹೊರಡುವವರು ಮಾರ್ಚ್‌ನ ಪರೀಕ್ಷೆ ಮುಗಿದೊಡನೆ ಬಂದು ಎರಡು ತಿಂಗಳು ಹೊಸಬರ ಜೊತೆಗೇ ಕೂತು ಕಥೆ ಹೇಳಬೇಕೆಂದು ಕೇಳಿಕೊಂಡಿದ್ದೇನೆ. ಮೂವರಲ್ಲಿ ಇಬ್ಬರು ಒಪ್ಪಿದ್ದಾರೆ.