ನೋವಿಲ್ಲದ ಕಾಮಣಿ ಬಂದರೆ ಏನು ಕೇಳಬೇಕು, ಏನು ಮಾಡಿಸಬೇಕು

ಮೊದಲು ನೋಡಿದ್ದು ಅವ್ವ. ಅಪ್ಪನ ಧೋತರದ ಮೇಲೆ ಅರಿಶಿನದಂಥ ಕಲೆ. ಅಪ್ಪನಿಗೆ 64 ವರ್ಷ, ಶಹಾಬಾದದಲ್ಲಿ ಫರಸಿ ಪಾಲಿಶ್ ಮಾಡಿ ದುಡಿದವನು. ಜ್ವರ ಇಲ್ಲ, ಹೊಟ್ಟೆನೋವು ಇಲ್ಲ, ಆದರೆ ಕಣ್ಣು ಹಳದಿ, ಮೈಯೆಲ್ಲ ತುರಿಕೆ. ನಾಟಿ ಔಷಧಿ ಅಂತ ಎರಡು ವಾರ ಸುಮ್ನೆ ಕಳೆದೆವು. ನೀವು ಕಳೆಯಬೇಡಿ.

ಸ್ಕ್ಯಾನ್‌ನಲ್ಲಿ ಮೇದೋಜೀರಕ ಗ್ರಂಥಿ ಊದಿ ಪಿತ್ತನಾಳವನ್ನು ಒತ್ತಿತ್ತು. ಕಲಬುರಗಿಯ ಒಬ್ಬ ಡಾಕ್ಟರು ಕ್ಯಾನ್ಸರ್ ಎಂದು ಆಪರೇಷನ್‌ಗೆ ದಿನವನ್ನೂ ಹೇಳಿಬಿಟ್ಟರು. ಫೈಲ್ ಹಿಡಿದು ಹೈದರಾಬಾದಿಗೆ ಹೋದೆ. ಅಲ್ಲಿನ ಗ್ಯಾಸ್ಟ್ರೋ ಡಾಕ್ಟರು ಸಿಟಿ ಫಿಲ್ಮ್ ಬೆಳಕಿಗೆ ಹಿಡಿದು ತೋರಿಸಿದರು: ಗ್ರಂಥಿ ಒಂದೇ ಕಡೆ ಗಂಟಾಗಿರಲಿಲ್ಲ, ಪಡವಲಕಾಯಿ ಹಾಗೆ ಉದ್ದಕ್ಕೂ ನುಣ್ಣಗೆ ಊದಿತ್ತು, ಸುತ್ತ ತೆಳು ಪಟ್ಟಿ. ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿ ಬಿದ್ದಾಗ ಹೀಗಾಗುತ್ತದೆ. ಇದಕ್ಕೆ ಆಟೋಇಮ್ಯೂನ್ ಪ್ಯಾಂಕ್ರಿಯಾಟೈಟಿಸ್ ಅನ್ನುತ್ತಾರೆ, ಇದರಲ್ಲಿ ಎರಡು ಬಗೆ.

ಹಾಗಾಗಿ ಐಜಿಜಿ4 (ರಕ್ತದಲ್ಲಿನ ಒಂದು ರೋಗನಿರೋಧಕ ಪ್ರೋಟೀನು) ರಕ್ತಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ. ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ ಇದ್ದರೆ ಅನುಮಾನ ಬಲವಾಗುತ್ತದೆ. ಅದೊಂದನ್ನೇ ನಂಬಬೇಡಿ, ಕ್ಯಾನ್ಸರ್ ಇದ್ದವರಲ್ಲೂ ಕೆಲವೊಮ್ಮೆ ಸ್ವಲ್ಪ ಏರಿರುತ್ತದೆ. ಈ ಕಾಯಿಲೆಯ ಎರಡನೇ ಬಗೆಯಲ್ಲಿ ಐಜಿಜಿ4 ಏರುವುದೇ ಕಡಿಮೆ. ಅದು ಚಿಕ್ಕ ವಯಸ್ಸಿನವರಿಗೆ ಬರುವುದು ಜಾಸ್ತಿ, ಕೆಲವರಿಗೆ ದೊಡ್ಡ ಕರುಳಿನ ಹುಣ್ಣೂ ಇರುತ್ತದೆ. ಅಪ್ಪನಿಗೆ ಬಾಯಿಂದ ಎಂಡೋಸ್ಕೋಪ್ ಇಳಿಸಿ, ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಸೂಜಿಯಿಂದ ಗ್ರಂಥಿಯ ಚೂರು ತೆಗೆದರು. ಕ್ಯಾನ್ಸರ್ ಅಲ್ಲ ಅಂತ ಖಾತ್ರಿಯಾದ ಮೇಲೇ ಸ್ಟೆರಾಯ್ಡ್ ಕೊಟ್ಟರು. ಈ ಸರದಿ ತಪ್ಪಬಾರದು. ಶುರುವಿಗೆ ಮುಂಚೆ ಟಿಬಿ, ಹೆಪಟೈಟಿಸ್ ಬಿ, ಸಕ್ಕರೆ ನೋಡಿಸಿಕೊಳ್ಳಿ.

ಪ್ರೆಡ್ನಿಸೋಲೋನ್ 40 ಮಿಲಿಗ್ರಾಂ, ಬೆಳಗ್ಗೆ ರೊಟ್ಟಿ ತಿಂದ ಮೇಲೆ, ನಾಲ್ಕು ವಾರ. ಆಮೇಲೆ ವಾರಕ್ಕೆ 5 ಇಳಿಸುತ್ತಾ ಬಂದರು. ಇದು ಅಪ್ಪನ ಲೆಕ್ಕ, ನಿಮ್ಮದು ಡಾಕ್ಟರೇ ಹೇಳಬೇಕು. ಎರಡೇ ವಾರಕ್ಕೆ ಕಣ್ಣು ಬಿಳುಪಾಯಿತು. ಮತ್ತೆ ಸ್ಕ್ಯಾನ್ ಮಾಡಿಸಿದಾಗ ಊತವೂ ಇಳಿದಿತ್ತು. ಇಳಿಯದಿದ್ದರೆ ಕ್ಯಾನ್ಸರ್ ಇದೆಯಾ ಅಂತ ಮತ್ತೆ ಹುಡುಕಲೇಬೇಕು.

ಕಷ್ಟ ಬಂದಿದ್ದು ಆಮೇಲೆ. ಮುಖ ಊದಿತು ಅಂತ ಅಪ್ಪ ಯಾರಿಗೂ ಹೇಳದೆ ಮೂರು ದಿನ ಗುಳಿಗೆ ಬಿಟ್ಟ. ತಲೆ ತಿರುಗಿ ಕಟ್ಟೆ ಮೇಲೆ ಕುಸಿದ. ಇದನ್ನು ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ. ಆವತ್ತಿನಿಂದ ಗುಳಿಗೆ ಡಬ್ಬಿ ಅವ್ವನ ಕೈಗೆ ಬಂತು. ಸಕ್ಕರೆಯೂ ಏರಿತ್ತು. ಚಹಾಕ್ಕೆ ಮೂರು ಚಮಚ ಹಾಕಿಸಿಕೊಳ್ಳುವವನಿಗೆ ಅದೇ ದೊಡ್ಡ ಜಗಳ.

ಮೊದಲನೇ ಬಗೆಯಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. ಆಗ ಮತ್ತೆ ಸ್ಟೆರಾಯ್ಡ್, ಇಲ್ಲವೇ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಅಥವಾ ರಿಟುಕ್ಸಿಮಾಬ್ ಕೊಡುತ್ತಾರೆ. ಅಪ್ಪನಿಗೆ ಇನ್ನೂ ಬಂದಿಲ್ಲ. ಅವ್ವ ಮಾತ್ರ ಧೋತರವನ್ನು ಬಿಸಿಲಿಗೆ ಹಿಡಿದು ನೋಡಿಯೇ ನೆನೆಹಾಕುತ್ತಾಳೆ.